ಹಂಚಿನ ಕಾರ್ಖಾನೆಯ ಹಳೆಯ ಲೇತ್ ಮನೆಗೆ ಬಂದಿದೆ: ಬೆಡ್‌ಗೆ ಎಮರಿ ಕಾಗದ ಹಾಕಬಹುದೇ?

ಕಟಪಾಡಿ ಪಂಪು ರಿಪೇರಿ

ಎಲ್ಲರಿಗೂ ನಮಸ್ಕಾರ. ಅಡಿಕೆ ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪುಗಳ ರಿಪೇರಿ ನನ್ನ ಕೆಲಸ. ಮೈಲುತುತ್ತು ತಿಂದು ಹಾಳಾದ ಬುಶ್, ಪ್ಲಂಜರ್‌ಗಳನ್ನು ಇಷ್ಟು ವರ್ಷ ಹೊರಗೆ ಟರ್ನಿಂಗ್‌ಗೆ ಕೊಡುತ್ತಿದ್ದೆ. ಕಳೆದ ಭಾನುವಾರ ಮಂಗಳೂರಿನ ಒಂದು ಗುಜರಿ ಅಂಗಳದಲ್ಲಿ ಈ ಲೇತ್ (ಲೋಹದ ತುಂಡನ್ನು ತಿರುಗಿಸುತ್ತಾ ಕೊರೆದು ಆಕಾರ ಕೊಡುವ ಯಂತ್ರ) ಕಣ್ಣಿಗೆ ಬಿತ್ತು. ಮುಚ್ಚಿಹೋದ ಹಂಚಿನ ಕಾರ್ಖಾನೆಯೊಂದರ ವರ್ಕ್‌ಶಾಪಿನದು ಎಂದರು. ಒಡೆದು ಕುಲುಮೆಗೆ ಕಳುಹಿಸುವವರಿದ್ದರು. ತೂಕದ ಲೆಕ್ಕದಲ್ಲಿ ಹಣ ಕೊಟ್ಟು ಪಿಕಪ್‌ನಲ್ಲಿ ಹಾಕಿಕೊಂಡು ಬಂದೆ.

ಬೆಡ್, ಅಂದರೆ ಕೆಳಗಿನ ಉದ್ದದ ಬೀಡಿನ ಹಾಸು, ನಾಲ್ಕೂವರೆ ಅಡಿ. ಮೂರು ಮೆಟ್ಟಿಲಿನ ಕೋನ್ ಪುಲಿ, ಚಪ್ಪಟೆ ಬೆಲ್ಟ್. ಪುಲಿ ಇರುವ ತುದಿಯ ಹೆಡ್‌ಸ್ಟಾಕ್ ಮೇಲಿನ ಹಿತ್ತಾಳೆ ಫಲಕದಲ್ಲಿ ‘ಹರಿಹರ’ ಎಂಬುದಷ್ಟೇ ಓದಲು ಸಿಗುತ್ತದೆ. ಕೆಲಸದ ತುಂಡನ್ನು ಹಿಡಿಯುವ ಚಕ್ ಕಚ್ಚಿಕೊಂಡಿದೆ, ಎದುರು ತುದಿಯ ಟೇಲ್‌ಸ್ಟಾಕ್ ಅಲುಗುವುದಿಲ್ಲ, ಬೆಡ್ ಇಡೀ ಬೆಲ್ಲದ ಬಣ್ಣಕ್ಕೆ ತಿರುಗಿದೆ. ಗ್ರೈಂಡರ್‌ಗೆ ತಂತಿ ಬ್ರಶ್ ಹಾಕಿ ಉಜ್ಜಿ, ಆಮೇಲೆ ಎಮರಿ ಹೊಡೆದರೆ ಒಂದೇ ದಿನದಲ್ಲಿ ಕನ್ನಡಿಯಂತಾಗುತ್ತದೆ ಎಂದು ಪಕ್ಕದ ಗ್ಯಾರೇಜಿನವರು ಹೇಳುತ್ತಿದ್ದಾರೆ. ಟೇಲ್‌ಸ್ಟಾಕಿನ ಚಕ್ರಕ್ಕೆ ಹಾಗೆ ಮಾಡಿಯೂ ನೋಡಿದೆ, ಹೊಳೆಯಿತು. ಆದರೆ ಟೂಲ್ ಹೊತ್ತು ಬೆಡ್ ಮೇಲೆ ಜಾರುವ ಸ್ಯಾಡಲ್ ಅನ್ನು ಸ್ವಲ್ಪ ಜರುಗಿಸಿದಾಗ ಅದರ ಅಡಿಯಲ್ಲಿ ಅಡಗಿದ್ದ ಬೆಡ್ ಭಾಗದಲ್ಲಿ ಸಾಲುಸಾಲಾಗಿ ಮೀನಿನ ಹುರುಪೆಯಂಥ ಗುರುತುಗಳು ಕಂಡವು. ಯಾರೋ ಕೈಯಿಂದಲೇ ಕೆತ್ತಿದಂತಿವೆ. ಅದನ್ನು ನೋಡಿ ಕೈ ಹಿಂದೆಗೆದೆ. ಮುಂದೇನು ಮಾಡಲಿ?

ಬೈಕಂಪಾಡಿ ಟರ್ನರ್

ದಮ್ಮಯ್ಯ, ಎಮರಿ ಮುಟ್ಟಬೇಡಿ. ಗ್ರೈಂಡರನ್ನು ಬೇರೆ ಕೋಣೆಯಲ್ಲಿಡಿ.

ನೀವು ನೋಡಿದ ಆ ಹುರುಪೆಗಳು ಸ್ಕ್ರೇಪಿಂಗ್ ಮಾಡಿದ ಗುರುತು. ನಿಖರವಾಗಿ ನೇರವಿರುವ ಸ್ಟ್ರೇಟ್‌ಎಡ್ಜ್ ಪಟ್ಟಿಗೆ ನೀಲಿ ಬಣ್ಣ ಸವರಿ, ಬೆಡ್ ಮೇಲೆ ಒತ್ತಿ ತೆಗೆದು, ನೀಲಿ ಅಂಟಿದ ಎತ್ತರದ ಚುಕ್ಕೆಗಳನ್ನು ಮಾತ್ರ ಕೈ ಉಳಿಯಿಂದ ಕೆರೆಯುತ್ತಾರೆ. ಮತ್ತೆ ನೀಲಿ, ಮತ್ತೆ ಕೆರೆತ. ದಿನಗಟ್ಟಲೆ ಹಿಡಿಯುವ ಕೆಲಸ ಅದು. ಆ ತಗ್ಗುಗಳಲ್ಲಿ ಎಣ್ಣೆ ನಿಲ್ಲುತ್ತದೆ, ಉಬ್ಬುಗಳು ಭಾರ ಹೊರುತ್ತವೆ. ಲೇತ್‌ನಲ್ಲಿ ನೇರ ಎಂಬುದು ಉಳಿದಿರುವುದು ಆ ಬೆಡ್‌ನಲ್ಲಿ ಮಾತ್ರ, ಉಳಿದ ಭಾಗಗಳೆಲ್ಲ ಅದನ್ನು ನೋಡಿಕೊಂಡು ನಡೆಯುತ್ತವೆ. ನಿಮ್ಮ ಕೈಯಲ್ಲಿರುವ ಎಮರಿ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ತಿನ್ನುತ್ತದೆ. ಅಷ್ಟೇ ಅಲ್ಲ, ಅದರ ಹರಳುಗಳು ಬೀಡುಕಬ್ಬಿಣದ ರಂಧ್ರಗಳಲ್ಲಿ ಹೂತುಕೊಂಡು, ಸ್ಯಾಡಲ್ ಓಡಾಡಿದಷ್ಟು ಕಾಲವೂ ಅರೆಯುತ್ತಲೇ ಇರುತ್ತವೆ.

ತುಕ್ಕಿಗೆ ಹೆದರಬೇಡಿ. ನಮ್ಮ ಕರಾವಳಿಯ ಗಾಳಿಗೆ ಮೇಲ್ಮೈ ಕೆಂಪಾಗಲು ಒಂದು ವಾರ ಸಾಕು, ಆದರೆ ಅದು ಒಳಗಿಳಿಯಲು ವರ್ಷಗಳು ಬೇಕು. ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ನೆನೆದ ಬಟ್ಟೆಯನ್ನು ಬೆಡ್ ಮೇಲೆ ರಾತ್ರಿಯಿಡೀ ಹಾಸಿಡಿ. ಬೆಳಿಗ್ಗೆ ಹಳೆಯ ಶೇವಿಂಗ್ ಬ್ಲೇಡನ್ನು ಹೆಚ್ಚುಕಡಿಮೆ ಮಲಗಿಸಿ ಹಿಡಿದು ದೂಡಿ. ತುಕ್ಕು ಪುಡಿಪುಡಿಯಾಗಿ ಏಳುತ್ತದೆ, ಕೆಳಗಿನ ಲೋಹಕ್ಕೆ ಏನೂ ಆಗುವುದಿಲ್ಲ. ಮೂಲೆಗಳಿಗೆ ಹಿತ್ತಾಳೆ ಪಟ್ಟಿಯ ತುಂಡು. ಕೊನೆಗೆ ಅತ್ಯಂತ ನಯವಾದ ಸ್ಟೀಲ್ ವೂಲ್ ಅನ್ನು ಎಣ್ಣೆಯಲ್ಲಿ ಅದ್ದಿ, ಹಗುರವಾಗಿ. ಏಟು ಬಿದ್ದು ಎದ್ದ ಚೂಪುಗಳಿದ್ದರೆ ಅಲ್ಲಿಗೆ ಮಾತ್ರ ಎಣ್ಣೆಕಲ್ಲು. ಅಲ್ಲಲ್ಲಿ ಕಪ್ಪು ಗುಳಿಗಳು ಉಳಿಯುತ್ತವೆ. ಇರಲಿ, ಗುಳಿಯಿಂದ ಲೇತ್ ಸೋಲುವುದಿಲ್ಲ.

ನಿವೃತ್ತ ಬೋಧಕ, ಮಂಗಳೂರು

ಹರಿಹರ ಎಂದಿದ್ದರೆ ಅದು ಮೈಸೂರು ಕಿರ್ಲೋಸ್ಕರ್ ಯಂತ್ರವಾಗಿರಲು ಎಲ್ಲ ಸಾಧ್ಯತೆಯೂ ಇದೆ. ಆ ಕಾರ್ಖಾನೆ ಶುರುವಾದದ್ದು 1941ರಲ್ಲಿ. ಬೆಂಗಳೂರಿನಲ್ಲಿ ಎಚ್‌ಎಂಟಿ ಹುಟ್ಟಿದ್ದು 1953ರಲ್ಲಿ. ನಮ್ಮ ರಾಜ್ಯದಲ್ಲಿ ಲೇತ್ ಕಲಿತ ಹಲವು ತಲೆಮಾರುಗಳ ಕೈ ಪಳಗಿದ್ದು ಈ ಎರಡು ಹೆಸರುಗಳ ಯಂತ್ರಗಳ ಮೇಲೆ.

ಹಂಚಿನ ಕಾರ್ಖಾನೆಯಲ್ಲಿ ಲೇತ್ ಏಕೆ ಎಂದು ಕೆಲವರಿಗೆ ಅನಿಸಬಹುದು. ಬಾಸೆಲ್ ಮಿಶನ್ನಿನ ಪ್ಲೆಬ್ಸ್ಟ್ 1865ರಲ್ಲಿ ಇಲ್ಲಿ ಮೊದಲ ಹಂಚಿನ ಕಾರ್ಖಾನೆ ತೆರೆದಾಗಿನಿಂದಲೂ ಹಂಚು ಯಂತ್ರದ ಕೆಲಸವೇ. ಮಣ್ಣು ಕಲಸುವ ಯಂತ್ರದ ಶಾಫ್ಟ್, ಹಂಚು ಒತ್ತುವ ಪ್ರೆಸ್ಸಿನ ಸ್ಕ್ರೂ, ಬೇರಿಂಗ್ ಬುಶ್ ಎಲ್ಲವೂ ಮಣ್ಣಿನ ಜೊತೆ ಉಜ್ಜಿ ಸವೆಯುತ್ತವೆ. ಸ್ವಂತ ಫಿಟ್ಟರ್, ಸ್ವಂತ ಲೇತ್ ಇಲ್ಲದೆ ಒಂದು ವಾರವೂ ನಡೆಯದು.

ಬಿಚ್ಚುವ ಮೊದಲು ಅಳೆಯಿರಿ. ಇದನ್ನು ಯಾರೂ ಮಾಡುವುದಿಲ್ಲ, ನಂತರ ಪರದಾಡುತ್ತಾರೆ. ಹೆಚ್ಚಿನ ಕೆಲಸವೆಲ್ಲ ಚಕ್ ಹತ್ತಿರವೇ ನಡೆಯುವುದರಿಂದ ಬೆಡ್ ಸವೆಯುವುದೂ ಅಲ್ಲಿಯೇ. ಸ್ಯಾಡಲ್‌ನ ಹಿಡಿತವನ್ನು ಚಕ್ ಹತ್ತಿರ ಸರಿಯಾಗಿ ಬಿಗಿಮಾಡಿ ಟೇಲ್‌ಸ್ಟಾಕ್ ಕಡೆಗೆ ತಿರುಗಿಸುತ್ತಾ ಹೋಗಿ. ದಾರಿಯಲ್ಲಿ ಎಲ್ಲಿ ಬಿಗಿಯಾಗಿ ನಿಲ್ಲುತ್ತದೋ ಅಲ್ಲಿಂದಾಚೆ ಬೆಡ್ ಸವೆದಿಲ್ಲ ಎಂದು ತಿಳಿಯಿರಿ. ಹೆಜ್ಜೆ ಹೆಜ್ಜೆಗೂ ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಬೋಲ್ಟುಗಳನ್ನು ಒಂದೇ ಡಬ್ಬದಲ್ಲಿ ಸುರಿಯಬೇಡಿ.

ಮಲ್ಪೆ ಶಾಫ್ಟ್

ಚಕ್ ವಿಷಯದಲ್ಲಿ ನನ್ನ ಅನುಭವ ಹೇಳಲೇಬೇಕು. ಬೋಟುಗಳ ಪ್ರೊಪೆಲ್ಲರ್ ಶಾಫ್ಟ್ ಕೆಲಸ ನಮ್ಮದು. ಜೂನ್ 1ರಿಂದ ಜುಲೈ 31ರವರೆಗೆ ಟ್ರಾಲಿಂಗ್ ನಿಷೇಧ ಇರುತ್ತದಲ್ಲ, ಆ ಎರಡು ತಿಂಗಳು ಬೋಟೆಲ್ಲ ದಡದಲ್ಲಿ, ಲೇತ್‌ಗೆ ಉಸಿರಾಡಲು ಬಿಡುವಿಲ್ಲ. ಅಂಥ ಒಂದು ಆಟಿ ತಿಂಗಳಲ್ಲಿ ಕಚ್ಚಿಕೊಂಡ ಚಕ್ ಬಿಚ್ಚಲು ನಾನು ಸ್ಪಿಂಡಲ್ (ಚಕ್ ತಿರುಗಿಸುವ ಅಚ್ಚು) ಅಲುಗದಂತೆ ಬ್ಯಾಕ್ ಗೇರ್ (ವೇಗ ತಗ್ಗಿಸುವ ಗೇರು) ಕೂಡಿಸಿದೆ, ಪುಲಿಯನ್ನು ಸ್ಪಿಂಡಲ್‌ನ ಗೇರಿಗೆ ಜೋಡಿಸುವ ಪಿನ್ನನ್ನೂ ಬಿಡದೆ ಹಾಗೆಯೇ ಇಟ್ಟೆ. ಎರಡೂ ಒಟ್ಟಿಗೆ ಇದ್ದರೆ ಸ್ಪಿಂಡಲ್ ಬೀಗ ಹಾಕಿದಂತೆ ನಿಲ್ಲುತ್ತದೆ. ಚಕ್‌ನ ಹಿಡಿತದ ದವಡೆ, ಅಂದರೆ ಜಾ ಮೇಲೆ ಉದ್ದದ ಪೈಪು ಇಟ್ಟು ನೇತಾಡಿದೆ. ಬೀಡು ಗೇರಿನ ಎರಡು ಹಲ್ಲು ಒಣ ಬಿಸ್ಕತ್ತಿನಂತೆ ಮುರಿದು ಕೆಳಗಿನ ಟ್ರೇಯಲ್ಲಿ ಬಿದ್ದವು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಮುರಿದ ಜಾಗವನ್ನು ಕೆತ್ತಿ, ಹೊಸ ತುಂಡು ಕೂರಿಸಿ, ಬ್ರೇಜಿಂಗ್ ಮಾಡಿ, ಅರದಿಂದ ಹಲ್ಲಿನ ಆಕಾರಕ್ಕೆ ತರಲು ಹಿರಿಯ ಫಿಟ್ಟರೊಬ್ಬರಿಗೆ ಒಂದು ವಾರ ಹಿಡಿಯಿತು.

ನೀವು ಹೀಗೆ ಮಾಡಿ. ಅಸಿಟೋನ್ ಮತ್ತು ಕಾರಿನ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಎಣ್ಣೆ ಸಮಸಮ ಬೆರೆಸಿ ಚಕ್ ಹಿಂದಿನ ಸಂದಿಗೆ ದಿನಕ್ಕೆರಡು ಬಾರಿ ಬಿಡಿ, ನಾಲ್ಕೈದು ದಿನ. ಹತ್ತಿರ ಬೆಂಕಿ ಬೇಡ. ಆಮೇಲೆ ಆ ಎಣ್ಣೆಯನ್ನು ಚೆನ್ನಾಗಿ ಒರೆಸಿ ತೆಗೆದು, ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಚಕ್ ತಟ್ಟೆಯನ್ನು ಮಾತ್ರ ಬಿಸಿಮಾಡಿ. ಬ್ಯಾಕ್ ಗೇರ್ ಪೂರ್ತಿ ಬಿಡಿಸಿ. ಬೆಡ್‌ನ ಹಿಂಬದಿಯಲ್ಲಿ ಹಲಗೆ ಹಾಸಿ, ಅದರ ಮೇಲೆ ಗಟ್ಟಿ ಮರದ ತುಂಡು ನಿಲ್ಲಿಸಿ, ಜಾ ಅದರ ತಲೆಗೆ ತಾಗುವಂತೆ ಮಾಡಿ. ಈಗ ಬೆಲ್ಟನ್ನು ಎರಡೂ ಕೈಯಿಂದ ಹಿಡಿದು ಪುಲಿಯನ್ನು ಹಿಂದಕ್ಕೆ ಎಳೆಯಿರಿ. ಜಾ ಮರಕ್ಕೆ ತಾಗಿ ನಿಲ್ಲುತ್ತದೆ, ಸ್ಪಿಂಡಲ್ ಮುಂದುವರಿಯುತ್ತದೆ, ತ್ರೆಡ್ ಬಿಡುತ್ತದೆ. ಮೊದಲ ದಿನ ಬಿಡದಿದ್ದರೆ ಎಣ್ಣೆ ಹಾಕಿ ಮಲಗಿ. ಎರಡನೇ ದಿನವೂ ಹಾಗೆಯೇ. ಮೋಟರ್ ಹಾಕಿ ಜಾಡಿಸುವ ಯೋಚನೆ ಮಾತ್ರ ಬೇಡ. ಕಳಚುವ ಕ್ಷಣಕ್ಕೆ ಚಕ್ ಕೆಳಗೆ ಹಲಗೆ ಇರಲಿ, ಬಿದ್ದರೆ ಬೆಡ್‌ಗೆ ಏಟು.

ಕದ್ರಿ ವಿದ್ಯಾರ್ಥಿ

ನಾನು ಡಿಪ್ಲೊಮಾ ಎರಡನೇ ವರ್ಷ. ಬ್ಯಾಟರಿ ಚಾರ್ಜರ್ ಬಳಸಿ ವಿದ್ಯುತ್ತಿನಿಂದ ತುಕ್ಕು ತೆಗೆಯುತ್ತಾರಂತೆ. ಅದು ಇಲ್ಲಿ ಆಗುವುದಿಲ್ಲವೇ? ಉಜ್ಜುವ ಕಷ್ಟವೇ ಇಲ್ಲವಲ್ಲ.

ಯೆಯ್ಯಾಡಿ ಫಿಟ್ಟರ್

ಆಗುತ್ತದೆ, ಸಣ್ಣ ಭಾಗಗಳಿಗೆ ಬಹಳ ಒಳ್ಳೆಯದು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ನೀರು, ಲೀಟರಿಗೆ ಒಂದು ಚಹಾ ಚಮಚ ಬಟ್ಟೆ ಒಗೆಯುವ ಸೋಡಾ. ಉಪ್ಪು ಹಾಕಬೇಡಿ, ಕ್ಲೋರಿನ್ ಏಳುತ್ತದೆ. ತುಕ್ಕು ಹಿಡಿದ ಭಾಗಕ್ಕೆ ಚಾರ್ಜರಿನ ಋಣ ತಂತಿ, ಬಕೆಟ್ ಅಂಚಿನಲ್ಲಿ ತೂಗಿಬಿಟ್ಟ ಬೇಡದ ಕಬ್ಬಿಣದ ತಗಡಿಗೆ ಧನ ತಂತಿ. ಎರಡೂ ಒಂದನ್ನೊಂದು ಮುಟ್ಟಬಾರದು. ಈ ತಂತಿಗಳನ್ನು ಅದಲುಬದಲು ಮಾಡಿದರೆ ನಿಮ್ಮ ಒಳ್ಳೆಯ ಭಾಗವೇ ಕರಗಲು ಶುರುವಾಗುತ್ತದೆ, ಹಾಗಾಗಿ ಸ್ವಿಚ್ ಹಾಕುವ ಮುನ್ನ ಎರಡು ಬಾರಿ ನೋಡಿ. ತಗಡು ಸ್ಟೇನ್‌ಲೆಸ್ ಆಗಿರಲೇಬಾರದು. ಅದರಲ್ಲಿರುವ ಕ್ರೋಮಿಯಂ ವಿಷಕಾರಿ ರೂಪದಲ್ಲಿ ನೀರಿಗಿಳಿಯುತ್ತದೆ. ಮೇಲೇಳುವ ಗುಳ್ಳೆಗಳು ಹೈಡ್ರೋಜನ್, ಆದ್ದರಿಂದ ತೆರೆದ ಅಂಗಳದಲ್ಲಿ ಮಾಡಿ, ಬೀಡಿ ಹಚ್ಚುವವರನ್ನು ದೂರವಿಡಿ. ಸ್ಪ್ರಿಂಗ್‌ಗಳನ್ನು ಮತ್ತು ಹದ ಕೊಟ್ಟು ಗಟ್ಟಿಮಾಡಿದ ಉಕ್ಕನ್ನು ಅದರಲ್ಲಿ ಮುಳುಗಿಸಬೇಡಿ, ಹೈಡ್ರೋಜನ್ ಒಳಹೊಕ್ಕರೆ ಅವು ಪೆಡಸಾಗಿ ಮುರಿಯುತ್ತವೆ. ಹಿತ್ತಾಳೆ, ಅಲ್ಯೂಮಿನಿಯಂ ಕೂಡ ಬೇಡ. ಹೊರತೆಗೆದ ಕೂಡಲೇ ತೊಳೆದು ಒಣಗಿಸಿ ಎಣ್ಣೆ ಹಚ್ಚಬೇಕು. ಹತ್ತು ನಿಮಿಷ ತಡವಾದರೆ ಮತ್ತೆ ಕೆಂಪು.

ಕಟಪಾಡಿ ಪಂಪು ರಿಪೇರಿ

ಎರಡು ವಾರ ಕಳೆದವು. ಚಕ್ ಆರನೇ ದಿನ ಬಿಟ್ಟಿತು. ಮಲ್ಪೆಯವರಿಗೆ ಮನಸಾರೆ ವಂದನೆ. ಪುಲಿ ಎಳೆಯುತ್ತಿದ್ದಾಗ ಒಮ್ಮೆಲೇ ಕೈ ಹಗುರಾಯಿತು. ಎಷ್ಟೋ ಹೊತ್ತಿನ ಮೇಲೆ ನನಗೆ ಅರ್ಥವಾದದ್ದು ಅದು ಮುರಿದದ್ದಲ್ಲ, ಬಿಚ್ಚಿದ್ದು ಎಂದು.

ಈಗ ನಿಮಗೆ ಹೇಳಬೇಕಾದ ವಿಷಯ. ಸ್ಯಾಡಲ್ ಎತ್ತಿದಾಗ ಅದರ ತಳದಲ್ಲಿ ಬೆರಳು ದಪ್ಪದ ಕೆಂಪು ಪದರ ಇತ್ತು. ತುಕ್ಕು ಎಂದುಕೊಂಡು ಕೆರೆದೆ. ಬ್ಲೇಡಿಗೆ ಅದು ಪುಡಿಯಾಗಲಿಲ್ಲ, ಸಾಬೂನಿನಂತೆ ಸುರುಳಿ ಸುರುಳಿಯಾಗಿ ಎದ್ದಿತು. ಬೆರಳಿನಲ್ಲಿ ಹಿಸುಕಿ ಮೂಸಿದೆ. ಹಳೆಯ ಎಣ್ಣೆಯ ವಾಸನೆಯ ಹಿಂದೆ ಮೊದಲ ಮಳೆಯ ಮಣ್ಣಿನ ವಾಸನೆ. ಅದು ಹಂಚಿನ ಮಣ್ಣು! ವರ್ಷಗಟ್ಟಲೆ ಗಾಳಿಯಲ್ಲಿ ಹಾರಿ ಬಂದು, ಎಣ್ಣೆಯಲ್ಲಿ ಕಲಸಿ, ಅಲ್ಲೇ ಗಟ್ಟಿಯಾಗಿದೆ. ನಾನು ತುಕ್ಕು ಎಂದು ಹೆದರಿದ್ದರಲ್ಲಿ ಅರ್ಧ ಮಣ್ಣೇ. ಸೀಮೆಎಣ್ಣೆಗೆ ಅದು ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಕರಗಿತು.

ಡಯಲ್ ಗೇಜ್ ಎರವಲು ತಂದು ಅಳೆದೆ. ಚಕ್ ಹತ್ತಿರ ಬೆಡ್ 0.12 ಮಿ.ಮೀ. ತಗ್ಗಿದೆ. ಇದು ಬಹಳ ಹೆಚ್ಚಾಯಿತೇ?

ಇನ್ನೊಂದು. ಗೇರ್ ಮುಚ್ಚಳದ ಒಳಮೈಯಲ್ಲಿ ಬಿಳಿ ಬಣ್ಣದಿಂದ ಕೈಯಲ್ಲಿ ಬರೆದ ಪಟ್ಟಿ ಇದೆ. ಮೇಲೆ ‘8 — 40/80’, ‘11 — 40/110’ ಎಂದು ಕೆಲವು ಸಾಲುಗಳು. ಕೆಳಗೆ ಬೇರೆ ಕೈಬರಹದಲ್ಲಿ, ಹಳದಿ ಬಣ್ಣದಲ್ಲಿ ‘1.5 — 30/127’, ‘2 — 40/127’. ಲೇತ್ ಜೊತೆ ಬಂದ ಗೋಣಿಚೀಲದಲ್ಲಿ ದೊಡ್ಡ ಗೇರ್ ಒಂದಿತ್ತು. ಮೂರು ಬಾರಿ ಎಣಿಸಿದೆ, 127 ಹಲ್ಲು. ಇಂಥ ವಿಚಿತ್ರ ಸಂಖ್ಯೆ ಏಕೆ?

ನಿವೃತ್ತ ಬೋಧಕ, ಮಂಗಳೂರು

ಆ ಗೇರನ್ನು ಜೋಪಾನವಾಗಿಡಿ, ಅದು ಈ ಲೇತ್‌ನ ಆಸ್ತಿ. ಪಟ್ಟಿ ನೋಡಿದರೆ ನಿಮ್ಮ ಲೀಡ್ ಸ್ಕ್ರೂ (ತ್ರೆಡ್ ಕೊರೆಯುವಾಗ ಸ್ಯಾಡಲ್ ದೂಡುವ ಉದ್ದದ ಸ್ಕ್ರೂ) ಇಂಚಿಗೆ 4 ತ್ರೆಡ್‌ನದು. ಅಂದರೆ ಒಂದು ಸುತ್ತಿಗೆ 6.35 ಮಿ.ಮೀ. ಇಂಚಿಗೆ 8 ತ್ರೆಡ್ ಬೇಕಾದರೆ ಅರ್ಧ ವೇಗ ಸಾಕು, 40ಕ್ಕೆ 80. ಮಿಲಿಮೀಟರ್ ತ್ರೆಡ್ ಬೇಕಾದಾಗ ತೊಡಕು ಬರುತ್ತದೆ. ಒಂದು ಇಂಚು 25.4 ಮಿ.ಮೀ., ಅದನ್ನು ಐದರಿಂದ ಗುಣಿಸಿದರೆ 127. ಅದಕ್ಕಿಂತ ಚಿಕ್ಕ ಪೂರ್ಣಸಂಖ್ಯೆಯ ಹಲ್ಲಿನಿಂದ ಇಂಚು ಮತ್ತು ಮಿಲಿಮೀಟರ್ ಕರಾರುವಾಕ್ಕಾಗಿ ಹೊಂದುವುದಿಲ್ಲ, ಏಕೆಂದರೆ 127 ಅವಿಭಾಜ್ಯ. ಈಗ 1.5ನ್ನು 6.35ರಿಂದ ಭಾಗಿಸಿ ನೋಡಿ, ನಿಖರವಾಗಿ 30/127. ಆ ಟರ್ನರ್ ಬರೆದದ್ದು ಒಂದು ಕೂದಲೂ ತಪ್ಪಿಲ್ಲ.

11 ತ್ರೆಡ್ ಎಂದರೆ ಒಂದು ಇಂಚಿನ ಮತ್ತು ಅದಕ್ಕೂ ದೊಡ್ಡ ನೀರಿನ ಪೈಪುಗಳ ತ್ರೆಡ್. ಮೇಲಿನ ಸಾಲುಗಳು ಇಂಚಿನ ಕಾಲದವು. ನಮ್ಮ ದೇಶ 1956ರ ಕಾಯ್ದೆಯ ನಂತರ ಹಂತಹಂತವಾಗಿ ಮೆಟ್ರಿಕ್‌ಗೆ ಬಂತು. ಕೆಳಗಿನ ಹಳದಿ ಸಾಲುಗಳನ್ನು ಆಮೇಲೆ ಬಂದ ಇನ್ನೊಬ್ಬರು ಸೇರಿಸಿದ್ದಾರೆ ಎಂದು ನನ್ನ ಊಹೆ. ಒಂದು ಮುಚ್ಚಳದ ಮೇಲೆ ಇಬ್ಬರು ಕೆಲಸಗಾರರ ಲೆಕ್ಕ. ಅದರ ಮೇಲೆ ಬಣ್ಣ ಬಳಿಯಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಇನ್ನು 0.12. ಬೆಡ್ ನೇರ ಕೆಳಕ್ಕೆ ಸವೆದರೆ ಟೂಲ್ ಅಷ್ಟೇ ಕೆಳಗಿಳಿಯುತ್ತದೆ. 25 ಮಿ.ಮೀ. ದಂಡಕ್ಕೆ ಟೂಲ್ 0.12 ಕೆಳಗಿಳಿದರೆ ವ್ಯಾಸದಲ್ಲಿ ಬರುವ ವ್ಯತ್ಯಾಸ ಸುಮಾರು 0.001 ಮಿ.ಮೀ. ಮಾತ್ರ. ಅದು ನಿಮ್ಮ ಪಂಪಿಗೆ ಲೆಕ್ಕಕ್ಕೇ ಇಲ್ಲ. ಬೆಡ್‌ನ ಮುಂದಿನ ದಾರಿ (ಸ್ಯಾಡಲ್ ಜಾರುವ ಅಂಚು) ಹೆಚ್ಚು, ಹಿಂದಿನದು ಕಡಿಮೆ ಸವೆದು ಸ್ಯಾಡಲ್ ವಾಲಿದ್ದರೆ ಮಾತ್ರ ಅಳತೆ ಕೆಡುತ್ತದೆ. ಎರಡನ್ನೂ ಬೇರೆಬೇರೆಯಾಗಿ ಅಳೆದು ಬರೆಯಿರಿ.

ಕದ್ರಿ ವಿದ್ಯಾರ್ಥಿ

127ರ ಲೆಕ್ಕ ಪಠ್ಯದಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಐದರಿಂದ ಗುಣಿಸುವುದು ಏಕೆ ಎಂದು ಇವತ್ತು ತಿಳಿಯಿತು. ಧನ್ಯವಾದ ಸರ್.

ಕುಂದಾಪುರ ವೈಂಡಿಂಗ್

ಮೋಟರ್ ಬಗ್ಗೆ ಯಾರೂ ಹೇಳಲಿಲ್ಲ. ಮನೆಯಲ್ಲಿ ಸಿಂಗಲ್ ಫೇಸ್ ಇದ್ದರೆ ವಿಎಫ್‌ಡಿ ಎಂಬ ವಿದ್ಯುತ್ ಪರಿವರ್ತಕ ಹಾಕಿಸಿ, 230 ವೋಲ್ಟ್ ಒಳಗೆ, ಮೂರು ಫೇಸ್ ಹೊರಗೆ. ಸ್ಟಾರ್‌ನಲ್ಲಿ 415 ವೋಲ್ಟಿಗೆ ಜೋಡಿಸಿದ ಮೋಟರ್ ಆಗಿದ್ದು ಆರು ತಂತಿಗಳೂ ಹೊರಗೆ ಬಂದಿದ್ದರೆ ಡೆಲ್ಟಾಗೆ ಬದಲಿಸಿಕೊಳ್ಳಿ. ಅರ್ತಿಂಗ್ ಸರಿಯಾಗಿರಲಿ. ಬೆಲ್ಟಿಗೆ ಜಾಲರಿ ಮುಚ್ಚಳ ಕಡ್ಡಾಯ. ತೋಳಿನ ಅಂಗಿ, ಪಂಚೆಯ ಅಂಚು ಬೆಲ್ಟಿಗೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯ ಸಿಗುವುದಿಲ್ಲ.

ಬೈಕಂಪಾಡಿ ಟರ್ನರ್

ಮಣ್ಣಿನ ವಿಷಯ ಓದಿ ಸಂತೋಷವೂ ಆಯಿತು, ಹೊಟ್ಟೆಯೂ ಉರಿಯಿತು. ಎಣ್ಣೆಯಲ್ಲಿ ಕಲಸಿದ ನುಣುಪು ಮಣ್ಣು ಅರೆಯುವ ಲೇಪವೇ. ಒಂದು ಬೊಟ್ಟೂ ಉಳಿಯದಂತೆ ತೆಗೆಯಿರಿ. ಸ್ಯಾಡಲ್ ತುದಿಗಳಲ್ಲಿ ದಾರಿ ಒರೆಸುವ ಫೆಲ್ಟ್ ತುಂಡುಗಳಿರುತ್ತವೆ. ಹಳೆಯದು ಕಲ್ಲಿನಂತಾಗಿರುತ್ತದೆ, ಎಸೆದು ಹೊಸದು ಹಾಕಿ.

ಸ್ಪಿಂಡಲ್‌ನಲ್ಲಿ ಗನ್‌ಮೆಟಲ್ ಬೇರಿಂಗ್ ಇರಬೇಕು. ಕ್ಯಾಪ್ ಬಿಚ್ಚುವಾಗ ಎರಡೂ ಕಡೆ ಶಿಮ್‌ಗಳು, ಅಂದರೆ ತೆಳು ತಗಡಿನ ತುಂಡುಗಳಿದ್ದರೆ ಯಾವುದು ಎಲ್ಲಿತ್ತೋ ಅಲ್ಲಿಗೇ ಗುರುತು ಹಾಕಿಡಿ. ಚಕ್‌ನಲ್ಲಿ ಉದ್ದದ ದಂಡ ಹಿಡಿದು ಮೇಲಕ್ಕೆ ಎತ್ತಿ, ಡಯಲ್ ನೋಡಿ. 0.03 ಆಸುಪಾಸಿನಲ್ಲಿದ್ದರೆ ಕೈ ಹಾಕಬೇಡಿ. 0.1 ದಾಟಿದ್ದರೆ ಮಾತ್ರ ಶಿಮ್ ಒಂದೊಂದಾಗಿ ತೆಗೆಯಿರಿ. ಗ್ರೀಸ್ ತುಂಬಬೇಡಿ, ಎಣ್ಣೆ ಬಟ್ಟಲಿಗೆ ಎಣ್ಣೆಯೇ ಬೇಕು. ಬೆಡ್‌ಗೆ 68 ದರ್ಜೆಯ ಸ್ಲೈಡ್‌ವೇ ಎಣ್ಣೆ. ತೆಂಗಿನೆಣ್ಣೆ ಹಚ್ಚುವವರಿದ್ದಾರೆ, ಕಾಲ ಕಳೆದಂತೆ ಅದು ಅಂಟಾಗುತ್ತದೆ.

ಹಳೆಯ ಬಣ್ಣ ಕೆರೆಯುವಾಗ ಒದ್ದೆ ಮಾಡಿಕೊಂಡೇ ಕೆರೆಯಿರಿ, ಮೂಗಿಗೆ ಮಾಸ್ಕ್ ಇರಲಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು. ಮಕ್ಕಳನ್ನು ಹತ್ತಿರ ಬಿಡಬೇಡಿ. ನನ್ನನ್ನು ಕೇಳಿದರೆ ಗಟ್ಟಿಯಾಗಿ ಕುಳಿತ ಬಣ್ಣವನ್ನು ಹಾಗೆಯೇ ಬಿಡುವುದು ಮೇಲು.

ಯೆಯ್ಯಾಡಿ ಫಿಟ್ಟರ್

ಬಣ್ಣದ ವಿಷಯದಲ್ಲಿ ನಾನು ಒಪ್ಪುವುದಿಲ್ಲ. ನಮ್ಮ ಮಳೆಗೆ ಬರಿ ಬೀಡು ತೆರೆದಿಟ್ಟರೆ ಎರಡೇ ವರ್ಷದಲ್ಲಿ ಮತ್ತೆ ಹಳೆಯ ಕಥೆ. ಮುಚ್ಚಳದ ಒಳಮೈ ಬಿಡಿ, ಅದು ಹಾಗೆಯೇ ಇರಲಿ. ಕಾಲುಗಳಿಗೆ, ಹೊರಮೈಗೆ ಪ್ರೈಮರ್ ಹಾಕಿ ಬಣ್ಣ ಬಳಿಯಲೇಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿದು.

ಮಲ್ಪೆ ಶಾಫ್ಟ್

ಮಳೆಗಾಲಕ್ಕೆ ನಮ್ಮ ಅಂಗಡಿಯಲ್ಲಿ ಮಾಡುವುದನ್ನು ಹೇಳುತ್ತೇನೆ. ಪ್ಲಾಸ್ಟಿಕ್ ಹೊದಿಸುವುದಿಲ್ಲ. ಒಳಗೆ ಬೆವರಿ, ಆ ನೀರೇ ಬೆಡ್ ಮೇಲೆ ಇಳಿಯುತ್ತದೆ. ದಪ್ಪ ಹತ್ತಿ ಬಟ್ಟೆ ಹೊದಿಸಿ, ಬೆಡ್ ಕೆಳಗೆ ಬಟ್ಟೆಗೆ ತಾಗದಂತೆ 40 ವ್ಯಾಟ್‌ನ ಹಳೆಯ ಕಾಲದ ಬಲ್ಬ್ ಉರಿಸುತ್ತೇವೆ. ಕಬ್ಬಿಣ ಸುತ್ತಲಿನ ಗಾಳಿಗಿಂತ ಸ್ವಲ್ಪ ಬೆಚ್ಚಗಿದ್ದರೆ ಅದರ ಮೇಲೆ ಇಬ್ಬನಿ ಕೂರುವುದಿಲ್ಲ. ಎಲ್‌ಇಡಿ ಬಿಸಿಯಾಗುವುದಿಲ್ಲ, ಅದರಿಂದ ಉಪಯೋಗವಿಲ್ಲ. ಮೈಕ್ರೋಮೀಟರ್ ಪೆಟ್ಟಿಗೆಯಲ್ಲಿ ಕರ್ಪೂರದ ತುಂಡು.

ಆಯುಧಪೂಜೆಗೆ ಸೇವಂತಿಗೆ ಮಾಲೆ ಹಾಕುತ್ತೀರಲ್ಲ, ಬೆಡ್ ಮೇಲೆ ಇಡಬೇಡಿ, ಹೆಡ್‌ಸ್ಟಾಕಿಗೆ ಹಾಕಿ. ನಮ್ಮ ಲೇತ್ ಬೆಡ್ ಮೇಲೆ ಒಂದು ವರ್ಷದ ಹೂವಿನ ಗುರುತು ಎಸಳು ಎಸಳಾಗಿ ಇನ್ನೂ ಇದೆ. ಎರಡು ದಿನ ತೆಗೆಯದೆ ಬಿಟ್ಟಿದ್ದೆವು.

ಕಟಪಾಡಿ ಪಂಪು ರಿಪೇರಿ

ಎಲ್ಲರೂ ಹೇಳಿದಂತೆ ನಡೆದಿದ್ದೇನೆ. ಹೊರಮೈಗೆ ಬೂದು ಬಣ್ಣ ಬಳಿದೆ, ಮುಚ್ಚಳದ ಒಳಮೈ ಮುಟ್ಟಲಿಲ್ಲ, ತೆಳ್ಳಗೆ ಎಣ್ಣೆ ಒರೆಸಿದ್ದೇನೆ ಅಷ್ಟೇ. ಕಾಂಕ್ರೀಟ್ ನೆಲದ ಮೇಲೆ ನಾಲ್ಕು ಕಾಲಿಗೂ ಶಿಮ್ ಕೊಟ್ಟು ಲೆವೆಲ್ ಮಾಡಿದೆ. ಬೋಧಕರು ಫೋನಿನಲ್ಲಿ ಹೇಳಿದಂತೆ, ಚಕ್‌ನಲ್ಲಿ ಮಾತ್ರ ಹಿಡಿದ ದಂಡದಲ್ಲಿ 120 ಮಿ.ಮೀ. ಅಂತರಕ್ಕೆ ಎರಡು ಪಟ್ಟಿ ಬಿಟ್ಟು, ಟೂಲ್ ಬದಲಿಸದೆ ಎರಡನ್ನೂ ಒಂದೇ ಓಟದಲ್ಲಿ ತಿರುವಿದೆ. ಮೊದಲ ಸಲ ಹೊರತುದಿ 0.07 ದಪ್ಪ ಬಂತು. ಟೇಲ್‌ಸ್ಟಾಕ್ ಕಡೆಯ ಮುಂದಿನ ಕಾಲಿಗೆ ತೆಳು ತಗಡು ಸೇರಿಸಿದೆ. 0.04. ಇನ್ನೊಂದು. 0.02. ಅಲ್ಲಿಗೆ ನಿಲ್ಲಿಸಿದೆ.

ನಿನ್ನೆ ಸಂಜೆ ಗನ್‌ಮೆಟಲ್ ಬುಶ್ ಮಾಡಿದೆ. ಚಕ್ ಹತ್ತಿರ ಬರುವಾಗ ಸ್ಯಾಡಲ್ ಸ್ವಲ್ಪ ಸಡಿಲ, ದೂರ ಹೋದಂತೆ ಬಿಗಿ. ಮುಂದಿನ ದಾರಿ 0.12, ಹಿಂದಿನದು 0.05 ಸವೆದಿದೆ. ಬುಶ್ ಪಂಪಿನಲ್ಲಿ ಚೆನ್ನಾಗಿಯೇ ಕುಳಿತಿದೆ. ಆದರೂ ಆ ವಾಲಿಕೆ ಮನಸ್ಸಿಗೆ ಚುಚ್ಚುತ್ತಿದೆ. ಸ್ಯಾಡಲ್ ಮಾತ್ರ ಸ್ಕ್ರೇಪ್ ಮಾಡಿ ಸರಿಪಡಿಸಬಹುದೇ? ನನಗೆ ಆ ಕೆಲಸ ಬಾರದು, ಕಲಿಯಲು ಸಿದ್ಧ.

ಬೈಕಂಪಾಡಿ ಟರ್ನರ್

ಸ್ಯಾಡಲ್ ಮಾತ್ರ ಮಾಡಿದರೆ ಅರ್ಧ ಕೆಲಸ, ಆದರೂ ಕಲಿಯಲು ಅದೇ ಸರಿ. ಬೆಡ್ ಆಮೇಲೆ ನೋಡೋಣ. ನನ್ನಲ್ಲಿ ಮೂರಡಿ ಸ್ಟ್ರೇಟ್‌ಎಡ್ಜ್ ಇದೆ, ನೀಲಿ ಬಣ್ಣದ ಟ್ಯೂಬ್ ಮತ್ತು ಎರಡು ಸ್ಕ್ರೇಪರ್ ಉಳಿಗಳೂ ಇವೆ. ಬರುವ ಭಾನುವಾರ ಬೆಳಿಗ್ಗೆ ಬಸ್ಸಿನಲ್ಲಿ ಕಟಪಾಡಿಗೆ ಬರುತ್ತೇನೆ. ಸ್ಯಾಡಲ್ ಬಿಚ್ಚಿ, ತೊಳೆದು, ತಲೆಕೆಳಗಾಗಿ ಮೇಜಿನ ಮೇಲೆ ಇಟ್ಟಿರಿ. ಕಿಟಕಿಯ ಬೆಳಕು ಬದಿಯಿಂದ ಬೀಳುವ ಜಾಗ ಆಗಬೇಕು. ಕದ್ರಿಯ ಹುಡುಗನೂ ಬರುವುದಾದರೆ ಬರಲಿ, ನೀಲಿ ಸವರಲು ಇನ್ನೊಂದು ಕೈ ಬೇಕಾಗುತ್ತದೆ.

ಕದ್ರಿ ವಿದ್ಯಾರ್ಥಿ

ಬರುತ್ತೇನೆ. ಎಷ್ಟು ಗಂಟೆಯ ಬಸ್ಸು?